ಮೇಷ್ಟ್ರ ಬೆವರು

ವ್ಯಾಯಾಮದ ಮೇಷ್ಟ್ರು ಬಸ್ಸು ಹತ್ತಿದಾಗಿನಿಂದ ಒಂದೇ ರಾಗ ಎಳೆಯುತ್ತಿದ್ದರು: "ಚಾಂಪಿಯನ್‌ಗಳು ಹೇಗೆ ಬೆವರು ಸುರಿಸ್ತಾರೆ, ಕಣ್ಣಾರೆ ನೋಡಿ. ಆಗಲಾದ್ರೂ ನಿಮ್ಮ ಮೈಗಳ್ಳತನ ಬಿಡುತ್ತೇನೋ!" ಅವರ ಕಣ್ಣು ಇದ್ದದ್ದು ಕುಂಭಕರ್ಣಿಯ ಮೇಲೆ. ತರಗತಿಯಲ್ಲಿ ತೂಕಡಿಸುವ ಆ ಹುಡುಗಿಗೆ ಆ ಹೆಸರಿಟ್ಟವರೂ ಅವರೇ.

ಕ್ರೀಡಾ ತರಬೇತಿ ಕೇಂದ್ರ ತಲುಪಿದಾಗ ಊಟದ ಹೊತ್ತು ಕಳೆದಿತ್ತು. ಓಟದ ಟ್ರ್ಯಾಕಿನಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಅಲ್ಲಿನ ಕೋಚ್ ಮೇಡಂ ತುಟಿಯ ಮೇಲೆ ಬೆರಳಿಟ್ಟು, ಎಲ್ಲರನ್ನೂ ತುದಿಗಾಲಲ್ಲಿ ಕರೆದೊಯ್ದು ಒಂದು ಗಾಜಿನ ಕಿಟಕಿಯ ಮುಂದೆ ನಿಲ್ಲಿಸಿದರು. ಒಳಗೆ ಮಬ್ಬುಗತ್ತಲಲ್ಲಿ, ಸಾಲು ಮಂಚಗಳ ಮೇಲೆ ಚಾಂಪಿಯನ್‌ಗಳೆಲ್ಲ ಗೊರಕೆ ಹೊಡೆಯುತ್ತಿದ್ದರು.

"ಇವ್ರು ಅಭ್ಯಾಸ ಮಾಡೋದು ಯಾವಾಗ?" ಮೇಷ್ಟ್ರು ಪಿಸುಗುಟ್ಟಿದರು.

"ಮಾಡ್ತಾ ಇದ್ದಾರಲ್ಲ ಸಾರ್! ಬೆಳಿಗ್ಗೆ ದಣಿದ ಮೈಗೆ ಬಲ ಬರೋದು ನಿದ್ದೇಲೇ. ಈ ನಿದ್ದೆ ತಪ್ಪಿಸಿದೋರನ್ನ ಸಂಜೆ ಮೈದಾನಕ್ಕೇ ಬಿಡಲ್ಲ."

ಕುಂಭಕರ್ಣಿ ಮೇಷ್ಟ್ರ ಮುಖ ನೋಡಿದಳು. ಮೇಷ್ಟ್ರು ಸೂರು ನೋಡಿದರು.

ವಾಪಸು ಬರುವಾಗ ಮುಂದಿನ ಸೀಟಿನಲ್ಲಿ ಮೇಷ್ಟ್ರಿಗೇ ಜೊಂಪು ಹತ್ತಿತು. ಅವರ ಗೊರಕೆ ಕೇಳಿ ಹಿಂದಿನವರೆಲ್ಲ ಗೊಳ್ಳೆಂದು ನಕ್ಕಾಗ ಕುಂಭಕರ್ಣಿ ಎದ್ದು ನಿಂತು, ತುಟಿಯ ಮೇಲೆ ಬೆರಳಿಟ್ಟು ಗದರಿದಳು:

"ಶ್! ಸುಮ್ನಿರ್ರೋ. ಸಾರ್ ಅಭ್ಯಾಸ ಮಾಡ್ತಾ ಇದ್ದಾರೆ."

ಆ ನಗುವಿಗೇ ಮೇಷ್ಟ್ರಿಗೆ ಎಚ್ಚರವಾಗಿತ್ತು. ಆದರೆ ಯಾವ ಮುಖ ಇಟ್ಟುಕೊಂಡು ಕಣ್ಣು ತೆರೆಯುವುದು? ಶಾಲೆಯ ಗೇಟು ಬರುವವರೆಗೂ ಕಣ್ಣು ಮುಚ್ಚಿಕೊಂಡೇ, ಕಷ್ಟಪಟ್ಟು ಗೊರಕೆ ಹೊಡೆದರು. ಅಂದು ಮಕ್ಕಳು ಕಣ್ಣಾರೆ ಕಂಡಂತೆ ಬೆವರು ಸುರಿಸಿದವರು ಅವರೊಬ್ಬರೇ.