ಗೋಡೆಯ ಮೇಲಿನ ಬೀದಿ

ಅರಗಿಣಿಯ ಹಾಗೆ ಮಾತಾಡಲಿ ಎಂದು ಮಗು ತೊಟ್ಟಿಲಲ್ಲಿದ್ದಾಗಲೇ ಅಜ್ಜಿ ಅವಳನ್ನು ಗಿಣಿ ಎಂದು ಕರೆದಿದ್ದಳು. ಗಿಣಿಗೆ ನಾಲ್ಕು ತುಂಬಿದರೂ ಬಾಯಿಂದ ಒಂದು ಮಾತು ಹೊರಟಿರಲಿಲ್ಲ. ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲ. ನೀರು ಬೇಕಾದರೆ ಅಮ್ಮನ ಕೈಯನ್ನು ಸೌಟು ಹಿಡಿದಂತೆ ಹಿಡಿದು ಬಿಂದಿಗೆಯ ಬಳಿಗೆ ಒಯ್ಯುತ್ತಿದ್ದಳು. ಆ ಕೈಯ ಮೇಲೊಂದು ಮುಖವೂ ಇದೆ ಎಂಬುದು ಮಗುವಿಗೆ ಗೊತ್ತೋ ಇಲ್ಲವೋ ಎಂದು ಅಮ್ಮನಿಗೆ ಅನುಮಾನ.

ಆಟಿಸಂ ಎಂದು ಡಾಕ್ಟರು ಹೇಳಿ ವರ್ಷ ಕಳೆದಿತ್ತು. ಮಾತು ಕಲಿಸುವ ಮೇಡಂ ಬಳಿ ಹೋದಾಗಲೆಲ್ಲ ಅವರು ಅದೇ ಪ್ರಶ್ನೆ ಕೇಳುತ್ತಿದ್ದರು. "ಏನಾದ್ರೂ ಕಂಡ್ರೆ ನಿಮಗೆ ತೋರಿಸ್ತಾಳಾ? ಬೇಕು ಅಂತಲ್ಲ, ಸುಮ್ನೆ, ನೋಡು ಅಂತ?"

ಇಲ್ಲ ಎನ್ನುವಾಗ ಪರೀಕ್ಷೆಯಲ್ಲಿ ತಾನೇ ಫೇಲಾದಂತೆ ಅಮ್ಮನ ಮುಖ ಬಾಡುತ್ತಿತ್ತು.

ಅಮ್ಮನದು ಬೀದಿಬದಿಯ ಟೈಲರ್ ಅಂಗಡಿ. ಒಂದೇ ಕೋಣೆ, ಒಂದೇ ಶಟರ್. ಮಧ್ಯಾಹ್ನ ಹಾರ್ನುಗಳ ಗದ್ದಲ ಏರಿದರೆ ಗಿಣಿ ಕಿವಿ ಮುಚ್ಚಿಕೊಂಡು ಕಿರುಚುತ್ತಿದ್ದಳು. ಆಗ ಅಮ್ಮ ಶಟರ್ ಎಳೆದು, ಗುಂಯ್‌ಗುಡುವ ಟ್ಯೂಬ್‌ಲೈಟ್ ಆರಿಸಿ, ಹೊಲಿಗೆ ಯಂತ್ರದ ಪುಟ್ಟ ದೀಪವೊಂದನ್ನೇ ಉಳಿಸಿಕೊಂಡು ಗುಂಡಿ ಹಾಕಲು ಕೂರುತ್ತಿದ್ದಳು. ಗಿಣಿ ಹಿಂಬದಿಯ ಸುಣ್ಣದ ಗೋಡೆಗೆ ಮುಖ ಮಾಡಿ ಕೂತು, ತನ್ನಷ್ಟಕ್ಕೇ ನಗುತ್ತಿದ್ದಳು. ಬರಿಗೋಡೆ ನೋಡಿ ನಗುವ ಆ ನಗುವೇ ಅಮ್ಮನ ಎದೆಗೆ ಮುಳ್ಳು.

ಒಂದು ಮಧ್ಯಾಹ್ನ ಯಂತ್ರದ ಬಲ್ಬು ಪಟ್ಟೆಂದು ಸುಟ್ಟುಹೋಯಿತು. ಮಗು ಈಗಷ್ಟೇ ಸಮಾಧಾನಗೊಂಡಿದೆ, ಶಟರ್ ಎತ್ತುವುದು ಬೇಡ ಎಂದು ಅಮ್ಮ ಕತ್ತಲಲ್ಲೇ ಮಗಳ ಪಕ್ಕ ಕುಸಿದು ಕೂತಳು. ಕಣ್ಣಲ್ಲಿ ನೀರಿತ್ತು. ಸ್ವಲ್ಪ ಹೊತ್ತಿಗೆ ಪುಟ್ಟ ಕೈಯೊಂದು ಅವಳ ಗದ್ದ ಹಿಡಿಯಿತು.

"ನೀರು ಬೇಕಾ ಕಂದ?"

ಕೈ ಬಿಡಲಿಲ್ಲ. ಬಿಸ್ಕತ್ತು ಕೊಟ್ಟರೆ ದೂಡಿತು. ಗದ್ದವನ್ನು ಇನ್ನಷ್ಟು ಬಲವಾಗಿ ಗೋಡೆಯತ್ತ ತಿರುಗಿಸಿತು. ಅಷ್ಟರಲ್ಲಿ ಅಮ್ಮನ ಕಣ್ಣು ಕತ್ತಲಿಗೆ ಒಗ್ಗಿತ್ತು.

ಗೋಡೆಯ ಮೇಲೆ ಬೀದಿ ನಡೆಯುತ್ತಿತ್ತು.

ತಲೆಕೆಳಗಾಗಿ! ಎದುರಿನ ಔಷಧಿ ಅಂಗಡಿ ಮೇಲಿನಿಂದ ತೂಗುಬಿದ್ದಿತ್ತು. ಕೆಂಪು ಕೊಡೆಯ ಹೆಂಗಸೊಬ್ಬಳು ಮೇಲೆ ಕಾಲೂರಿ ಸಲೀಸಾಗಿ ನಡೆದುಹೋದಳು. ಸೈಕಲ್ಲೊಂದು ಸದ್ದಿಲ್ಲದೆ ಜಾರಿತು. ಆಕಾಶ ನೀಲಿಯಾಗಿ ನೆಲದಂಚಿನಲ್ಲಿ ಹರಡಿಕೊಂಡಿತ್ತು. ಹಿಂತಿರುಗಿ ನೋಡಿದರೆ ಶಟರಿನಲ್ಲಿ ಬೋಲ್ಟ್ ಉದುರಿದ ಜಾಗದಲ್ಲಿ ಒಂದು ಸಣ್ಣ ತೂತು. ಬೀದಿಯ ಬೆಳಕೆಲ್ಲ ಅದರೊಳಗಿಂದ ನುಸುಳಿ ಗೋಡೆಯ ಮೇಲೆ ತಲೆಕೆಳಗಾದ ಚಿತ್ರವಾಗಿ ಬಿದ್ದಿತ್ತು.

ಇಷ್ಟು ದಿನ ಮಗು ಬರಿಗೋಡೆ ನೋಡಿರಲಿಲ್ಲ. ಇಡೀ ಬೀದಿಯನ್ನು, ಅದರ ಗದ್ದಲ ಕಳೆದು, ನೋಡುತ್ತಿತ್ತು.

ಅಮ್ಮ ಮಗಳತ್ತ ತಿರುಗಿದಳು. ಗಿಣಿಯ ಕಣ್ಣು ಗೋಡೆಯ ಮೇಲಿರಲಿಲ್ಲ. ಅಮ್ಮನಿಗೆ ಕಂಡಿತೋ ಇಲ್ಲವೋ ಎಂದು ಅಮ್ಮನ ಕಣ್ಣನ್ನೇ ಹುಡುಕುತ್ತಿತ್ತು.

"ಕಾಣ್ತು ಕಂದ," ಅಮ್ಮ ಗದ್ದದ ಮೇಲಿನ ಪುಟ್ಟ ಕೈಯನ್ನು ಹಿಡಿದುಕೊಂಡಳು. "ನಂಗೂ ಕಾಣ್ತು."

ಮರುದಿನ ಬಸ್ ಡ್ರೈವರ್ ಗಂಡನಿಗೆ ರಜೆ. ಅವನೂ, ಗಿಣಿಗೆ ಹೆಸರಿಟ್ಟ ಅವನ ತಾಯಿಯೂ ಅಂಗಡಿಗೆ ಬಂದರು. "ಗೋಡೆ ಮೇಲೆ ಬೀದಿಯಂತೆ! ನಿದ್ದೆಗೆಟ್ಟು ಸೊಸೆಗೆ ಭ್ರಮೆ," ಎಂದು ಅತ್ತೆ ಗೊಣಗಿದಳು. ಅಮ್ಮ ಗಂಡನನ್ನು ಹೊರಗೆ ನಿಲ್ಲಿಸಿ, ಅತ್ತೆಯನ್ನೂ ಮಗಳನ್ನೂ ಒಳಗೆ ಕೂರಿಸಿಕೊಂಡು, ದೀಪ ಆರಿಸಿ ಶಟರ್ ಎಳೆದಳು. "ರೀ, ಕೈ ಬೀಸ್ರಿ!"

ಗೋಡೆಯ ಮೇಲೆ ತಲೆಕೆಳಗಾದ ಅಪ್ಪ ಎರಡೂ ಕೈ ಬೀಸಿದ. ಗಿಣಿ ಕಿಲಕಿಲ ನಕ್ಕು ಅಜ್ಜಿಯ ಗದ್ದ ಹಿಡಿದು ಅತ್ತ ತಿರುಗಿಸಿದಳು. ಮುದುಕಿ ಬಾಯಿಗೆ ಕೈಯಿಟ್ಟುಕೊಂಡಳು. "ಅಯ್ಯೋ, ಇವನು ಹುಟ್ಟುವಾಗ್ಲೂ ಹಿಂಗೇ ಉಲ್ಟಾ ಬಂದಿದ್ದ ಕಣೇ!" ಎಂದು ನಗುತ್ತಾ ಅತ್ತಳು.

ಮೇಡಂ ಎಲ್ಲವನ್ನೂ ಕೇಳಿ, ಗದ್ದ ಹಿಡಿದ ಬಗೆಯನ್ನು ಮತ್ತೆ ಮಾಡಿ ತೋರಿಸಲು ಹೇಳಿದರು. "ತೋರಿಸಿದ್ಳಲ್ಲ," ಎಂದರು.

"ಹಂಗಾದ್ರೆ ಮಾತು ಬರುತ್ತಾ ಮೇಡಂ?"

"ಅದನ್ನ ನಾನು ಹೇಳೋಕಾಗಲ್ಲಮ್ಮ. ಆದ್ರೆ ನಮಗೆ ಹೇಳೋಕೆ ಅವಳ ಹತ್ರ ಏನೋ ಇದೆ."

ಮಾತು ಆ ತಿಂಗಳೂ ಬರಲಿಲ್ಲ, ಮುಂದಿನ ತಿಂಗಳೂ ಬರಲಿಲ್ಲ. ಆದರೆ ಒಂದು ಭಾನುವಾರ ಬೀದಿ ಖಾಲಿಯಾಗಿದ್ದಾಗ ಗಿಣಿ ತಾನಾಗಿಯೇ ಅಮ್ಮನನ್ನು ಹೊರಗೆ ಎಳೆದುತಂದಳು. ಔಷಧಿ ಅಂಗಡಿಯನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಬಗ್ಗಿ, ತಲೆಯನ್ನು ಕಾಲುಗಳ ನಡುವೆ ತೂರಿಸಿ, ಅದನ್ನೇ ಮತ್ತೊಮ್ಮೆ ನೋಡಿದಳು. ಅಮ್ಮ ಅಕ್ಕಪಕ್ಕ ಕಣ್ಣಾಡಿಸಿದಳು. ಸೊಂಟ ಹಿಡಿದುಕೊಂಡು ತಾನೂ ಬಗ್ಗಿದಳು.

"ಏನ್ ಕಳ್ಕೊಂಡ್ರಿ ಅಕ್ಕಾ?" ದಾರಿಹೋಕನೊಬ್ಬ ನಿಂತು ಕೇಳಿದ.

"ಏನೂ ಇಲ್ಲಪ್ಪ," ಅಮ್ಮ ಬಗ್ಗಿಕೊಂಡೇ ಹೇಳಿದಳು. "ನೀನೂ ನೋಡು ಬಾ."