ಇಳಿಜಾರಿನ ಬೇರುಗಳು

ನಾನು ಹನ್ನೊಂದು ದಿನ ಆಸ್ಪತ್ರೆಯಲ್ಲಿ ಮಲಗಿದ್ದಾಗ ನನ್ನ ವಾರಗಿತ್ತಿ, ಗಂಡನ ಅಣ್ಣನ ಹೆಂಡತಿ, ತನ್ನ ಹಿತ್ತಿಲಲ್ಲಿ ನಾನು ಬೆಳೆಸಿದ್ದ ಗುಲಾಬಿ ಗಿಡಗಳನ್ನೆಲ್ಲ ಕೀಳಿಸಿ, ಸಿಮೆಂಟು ಹಾಕಿಸಿ, ಬಟ್ಟೆ ಒಣಗಿಸುವ ತಂತಿ ಕಟ್ಟಿಸಿದಳು. ಕೇಳಿದ್ದಕ್ಕೆ, "ನಿಂಗೆ ಬೇಕಾಗಿರೋದು ಮಣ್ಣು ತಾನೇ? ಇಳಿಜಾರಿದೆಯಲ್ಲ, ಹೋಗಿ ಆಡ್ಕೋ" ಅಂದಳು. ಆರು ವರ್ಷವಾಯಿತು. ಆ ಮಾತು ನೆನೆದರೆ ಈಗಲೂ ಮೈ ಉರಿಯುತ್ತದೆ.

ಇಳಿಜಾರಿನ ಮೇಲ್ತುದಿಯಲ್ಲಿ ನಮ್ಮ ಮನೆ, ಬುಡದಲ್ಲಿ ಅವಳದು. ಕಾಲು ಸ್ವಾಧೀನವಿಲ್ಲದ ಅತ್ತೆ ಇರುವುದೂ ಅಲ್ಲೇ, ಮುಂದಿನ ಕೋಣೆಯಲ್ಲಿ. ನಡುವೆ ಆಳೆತ್ತರದ ಮುಳ್ಳುಪೊದೆ. ಈ ಸಲ ಸವರಿಸಿ ಹಣ್ಣಿನ ಗಿಡ ನೆಡೋಣವೆಂದು ಮಾಲಿಯನ್ನು ಕರೆಸಿದೆ. ಅವನು ಒಂದು ಹಿಡಿ ಮಣ್ಣು ಉಜ್ಜಿ ನೋಡಿದ.

"ಮೊಣಕಾಲುದ್ದ ಬಿಟ್ಟು ಕತ್ತರಿಸೋಣಮ್ಮಾ. ಬೇರು ಕೀಳೋದು ಬೇಡ. ಹೊಸ ಗಿಡ ಬೇರು ಬಿಡೋವರೆಗೂ ಮಣ್ಣು ಹಿಡಿದಿರೋದು ಅದೇ."

"ಕಿತ್ತರೆ?"

"ಒಂದು ಮಳೆ ಸಾಕು. ಎಲ್ಲಾ ಕೆಳಗಿನವರ ಹಿತ್ತಿಲಿಗೆ."

ನನ್ನ ಕಿವಿ ನೆಟ್ಟಗಾಯಿತು. "ಹಾಗಾದ್ರೆ ಕೀಳು" ಅಂದೆ.

ಅವನು ಸುತರಾಂ ಒಪ್ಪಲಿಲ್ಲ. ಅವನು ಕತ್ತರಿಸುತ್ತಾ ಹೋದ, ನಾನು ಹಿಂದಿನಿಂದ ಹಾರೆ ಹಾಕಿ ಬುಡ ಮೀಟುತ್ತಾ ಹೋದೆ. ಸೊಂಟ ಬಿದ್ದುಹೋಯಿತು, ಅಂಗೈಯಲ್ಲಿ ಬೊಬ್ಬೆ ಎದ್ದವು. ಆದರೂ ಒಂದೊಂದು ಬೇರು ಕಿತ್ತು ಬಂದಾಗಲೂ ಎಷ್ಟು ಹಿತ! ಅವಳ ಸಿಮೆಂಟಿನ ಮೇಲೆ, ಅವಳ ಬೆಳ್ಳನೆ ಹಾಸುಬಟ್ಟೆಗಳ ಮೇಲೆ ಕೆಸರು ಬೀಳಬೇಕು. ಅವಳು ಬುಟ್ಟಿಯಲ್ಲಿ ಹೊತ್ತು ಹಾಕುವುದನ್ನು ನಾನು ಮೇಲೆ ಕೂತು ಚಹಾ ಕುಡಿಯುತ್ತಾ ನೋಡಬೇಕು.

ಭಾನುವಾರ ಮಧ್ಯಾಹ್ನ ಮಳೆ ಸುರಿಯಿತು. ಕಿಟಕಿ ಬಿಟ್ಟು ಕದಲಲಿಲ್ಲ ನಾನು. ಮಣ್ಣು ಮೊದಲು ಮೆಲ್ಲಗೆ ಸಡಿಲಿತು, ಆಮೇಲೆ ರಾಶಿರಾಶಿಯಾಗಿ ಜಾರಿತು. ತಂತಿ ಹೋಯಿತು. "ಹೋಗಲಿ!" ಅಂತ ಕೂಗಿದೆ. ಆದರೆ ಅದು ಅಲ್ಲಿಗೆ ನಿಲ್ಲಲಿಲ್ಲ. ಹಿಂದಿನ ಕೋಣೆಯ ಬಾಗಿಲು ಮುರಿದು ಒಳಗೆ ನುಗ್ಗಿತು. ಒಳಗಿನಿಂದ ಕಿರುಚಿದ ದನಿ ಅತ್ತೆಯದು.

ಹೇಗೆ ಇಳಿದೆನೋ ದೇವರೇ ಬಲ್ಲ. ವಾರಗಿತ್ತಿಯೂ ನಾನೂ ಬರಿಗೈಯಲ್ಲಿ ಕೆಸರು ತೋಡಿದೆವು. ಮಂಚ ಎತ್ತರವಿದ್ದದ್ದಕ್ಕೆ ಅತ್ತೆ ಬದುಕಿಕೊಂಡರು. ಅವರನ್ನು ಹೊರಗೆ ತಂದು ಕೂರಿಸಿದ ಮೇಲೆ ವಾರಗಿತ್ತಿ ನನ್ನೆರಡೂ ಕೈ ಹಿಡಿದು ಅತ್ತುಬಿಟ್ಟಳು.

"ನೀನು ಓಡಿ ಬರದಿದ್ರೆ ಅತ್ತೆ ಉಳೀತಿರ್ಲಿಲ್ಲ ಕಣೇ."

ಅತ್ತೆ ನನ್ನನ್ನೇ ನೋಡುತ್ತಿದ್ದರು. "ನೀನು ತೋಟ ಮಾಡೋದು ಕಾಣ್ಲಿ ಅಂತ ಹೋದ ವಾರ ಮಂಚ ಹಿಂದಿನ ಕೋಣೆಗೆ ಹಾಕಿಸ್ಕೊಂಡೆ. ಮಾಲಿ ಬೇಡ ಬೇಡ ಅಂತ ಕೈಯಾಡಿಸ್ತಾನೇ ಇದ್ದ. ಆದ್ರೂ ಯಾಕಮ್ಮಾ ಕಿತ್ತೆ?"

ನಾಲಿಗೆ ತುದಿಯಲ್ಲಿ ಸುಳ್ಳೊಂದಿತ್ತು. ಆದರೆ ನುಂಗಿಕೊಂಡೆ.

"ಅಕ್ಕನ ಮೇಲಿನ ಸಿಟ್ಟಿಗೆ" ಅಂದೆ.

ವಾರಗಿತ್ತಿ ನನ್ನ ಕೈ ಬಿಟ್ಟಳು. ಸೆರಗಿನಿಂದ ಅತ್ತೆಯ ಮುಖದ ಕೆಸರು ಒರೆಸತೊಡಗಿದಳು.