ಸೀಲ್ ಒಡೆಯದೆ ಕೊಳ್ಳುವುದಿಲ್ಲ

ನೀಲಗಿರಿಯ ತುಮ್ಮನಟ್ಟಿಯಿಂದ ಕೂಗಿದರೆ ಕೇಳಿಸುವಷ್ಟು ದೂರದಲ್ಲಿ ಬಡಗರ ಒಂದು ಹಟ್ಟಿ. ಎದುರಿಗೆ ಕ್ಯಾರೆಟ್ ಹೊಲ, ಬೆನ್ನಿಗೆ ಟೀ ತೋಟ, ನಡುವೆ ಸಾಲುಮನೆ, ಸಾಲಿನ ಕೊನೆಗೆ ಹೆತ್ತೆಯಮ್ಮನ ಗುಡಿ. ಗುಡಿಗೆ ಒರಗಿಕೊಂಡ ಹಾಗೆ ಊರಿನ ಒಂದು ಕೋಣೆ. ಹಿಂದೆಲ್ಲ ಅಲ್ಲಿ ಹಬ್ಬದ ಪಾತ್ರೆಗಳನ್ನು ಇಡುತ್ತಿದ್ದರು. 1999ರ ಹೊತ್ತಿಗೆ ಅಲ್ಲಿ ಎರಡು ಕಂಪ್ಯೂಟರ್ ಕೂತಿದ್ದವು.

ಟೀ ಫ್ಯಾಕ್ಟರಿಯೊಂದು ಹೊಸದನ್ನು ತರಿಸಿದಾಗ ಆ ಹಳೆಯ ಎರಡನ್ನು ಹಟ್ಟಿಯ ಹೆಂಗಸರ ಸಂಘಕ್ಕೆ ಕೊಟ್ಟಿತ್ತು. ಹುಡುಗಿಯರಿಗೆ ಕಲಿಸುತ್ತಿದ್ದವಳು ಮಲರ್‌ಕೊಡಿ. ಕೊಯಮತ್ತೂರಿನಲ್ಲಿ ಡಿಪ್ಲೊಮಾ ಓದಿ, ಲಿಂಗಿಯ ಮನೆಗೆ ಸೊಸೆಯಾಗಿ ಬಂದವಳು. ಎಲ್ಲರೂ ಹಾಕಿಸುವ ಹೊಸ ವಿಂಡೋಸ್‌ಗೆ ಆ ಯಂತ್ರಗಳ ಬಲ ಸಾಲುತ್ತಿರಲಿಲ್ಲ. ಅವಳು ಸಹಪಾಠಿ ಕೊಟ್ಟ ಸಿ.ಡಿ.ಯಿಂದ ಫ್ರೀಬಿಎಸ್‌ಡಿ ಎಂಬ ಬೇರೆ ಸಿಸ್ಟಂ ಹಾಕಿದಳು. ಊಟಿಯಲ್ಲಿ ಆ ಹೆಸರು ಹೇಳಿದರೆ ಯಾವುದೋ ಬ್ಯಾಂಕೇ ಎಂದು ಕೇಳುತ್ತಿದ್ದರು. ಆದರೆ ಅದಕ್ಕೆ ಯಾರ ಅಪ್ಪಣೆಯೂ ಬೇಡ. ಎಷ್ಟು ಜನಕ್ಕೆ ಬೇಕಾದರೂ ಹಂಚಬಹುದು. ಗುಡಿಯಲ್ಲಿ ಕೊಟ್ಟ ಪ್ರಸಾದದ ಹಾಗೆ ಎಂದು ಅವಳಿಗೆ ಅನಿಸಿತ್ತು. ಹಾಗೆ ಅನಿಸಿದ ಮೇಲೆ ಅವಳು ಅದನ್ನು ಬಿಡುವ ಹೆಣ್ಣಲ್ಲ.

ಒಂದೇ ತೊಡಕು. ಆ ಕೋಣೆಗೆ ಫೋನ್ ಲೈನ್ ಒಂದು, ಯಂತ್ರ ಎರಡು. ಒಬ್ಬಳು ಇಂಟರ್ನೆಟ್ಟಿಗೆ ಕೂತರೆ ಉಳಿದವರು ಬಾಗಿಲಲ್ಲಿ ನಿಂತು ಮಂಜು ಎಣಿಸಬೇಕು. ಎರಡಕ್ಕೂ ಒಂದೊಂದು ನೆಟ್‌ವರ್ಕ್ ಕಾರ್ಡ್ ಸಿಕ್ಕಿಸಿ ನಡುವೆ ವೈರ್ ಎಳೆದರೆ ಒಂದೇ ಲೈನ್ ಇಬ್ಬರಿಗೂ ಆಗುತ್ತಿತ್ತು.

ಅಷ್ಟರಲ್ಲಿ ಊಟಿಯಿಂದ ದಿನೇಶ್‌ಕುಮಾರ್ ಬಂದ. ಕಂಪ್ಯೂಟರ್ ತರಬೇತಿ ನಡೆಸುವವನು. ಎರಡು ಹೊಸ ಯಂತ್ರ ಬಿಟ್ಟಿಯಾಗಿ ಕೊಡುತ್ತೇನೆ, ಕೋಣೆಯ ಮೇಲೆ ನನ್ನ ಬೋರ್ಡ್ ಇರಲಿ, ಒಳಗೆ ನನ್ನ ಪಾಠ ಮಾತ್ರ ನಡೆಯಲಿ ಎಂದ. ಊರಗೌಡ ನಂಜುಂಡನ್ ಬಿಳಿ ಶಾಲು ಸರಿಮಾಡಿಕೊಂಡು ಮಲರ್‌ಕೊಡಿಯನ್ನು ಗುಡಿಯ ಮುಂದಕ್ಕೆ ಕರೆಸಿದರು.

"ನೋಡಮ್ಮಾ, ನಿನ್ನ ಯಂತ್ರ ಒಂದು ನಡೆದರೆ ಇನ್ನೊಂದು ಮಲಗುತ್ತದೆ ಅಂತಾರೆ."

"ಎರಡನ್ನೂ ನಡೆಸ್ತೀನಿ ಮಾಮ."

"ಬರುವ ಸೋಮವಾರ ಕೂಟ. ಅಷ್ಟರೊಳಗೆ ಎರಡೂ ನಡೆದರೆ ಕೋಣೆ ಸಂಘದ್ದೇ. ಇಲ್ಲದಿದ್ದರೆ ಬೀಗದ ಕೈ ಅವನಿಗೆ."

ಸೋಮವಾರ ನಮ್ಮಲ್ಲಿ ಯಾರೂ ನೆಲಕ್ಕೆ ಗುದ್ದಲಿ ಹಾಕುವುದಿಲ್ಲ. ಕೂಟ ಸೇರಿದರೆ ಹಟ್ಟಿಗೆ ಹಟ್ಟಿಯೇ ಇರುತ್ತದೆ.

ಮಲರ್‌ಕೊಡಿ ಅಂದೇ ಊಟಿಗೆ ಹೋಗಿ ಎರಡು ಕಾರ್ಡ್ ತಂದಳು. ಸಹಪಾಠಿ ಪತ್ರದಲ್ಲಿ ಬರೆದ ಹೆಸರೇ ಡಬ್ಬಿಯ ಮೇಲೆ ಇತ್ತು. ಸಿಕ್ಕಿಸಿದಳು, ಯಂತ್ರ ಹಚ್ಚಿದಳು. ಕಪ್ಪು ಪರದೆಯ ಮೇಲೆ ಬಿಳಿ ಸಾಲುಗಳು ಹರಿದವು: ಡಿಸ್ಕ್ ಸಿಕ್ಕಿತು, ಕೀಬೋರ್ಡ್ ಸಿಕ್ಕಿತು. ಕಾರ್ಡಿನ ಸಾಲು ಬರಲೇ ಇಲ್ಲ. ಇನ್ನೊಂದರಲ್ಲೂ ಇಲ್ಲ. ಕಾರ್ಡನ್ನು ಬಿಚ್ಚಿ ಬೆಳಕಿಗೆ ಹಿಡಿದಾಗ ತಿಳಿಯಿತು. ಡಬ್ಬಿ ಅದೇ, ಹೆಸರು ಅದೇ, ಒಳಗೆ ಕೂತ ಕರಿಯ ಚಿಪ್ ಬೇರೆ. ಅವಳ ಸಿಸ್ಟಂ ಗುರುತಿಸುವುದು ಚಿಪ್ಪನ್ನು, ಡಬ್ಬಿಯನ್ನಲ್ಲ.

ಒಲೆಯ ಮುಂದೆ ಕೂತಿದ್ದ ಲಿಂಗಿ ಸೊಸೆಯ ಮುಖ ನೋಡಿದಳು.

"ಏನಾಯ್ತು?"

"ಹೆಸರು ನೋಡಿ ತಂದೆ ಮಾಮಿ. ಒಳಗೆ ಬೇರೆಯದೇ ಇದೆ."

"ಎಮ್ಮೆ ಕೊಳ್ಳೋಕೆ ಹೋಗಿ ಹಗ್ಗದ ಬಣ್ಣ ನೋಡಿ ಬಂದ್ಯಾ?" ಲಿಂಗಿ ನಕ್ಕಳು. "ನಮ್ಮ ಕಾಲದಲ್ಲಿ ಹೆಂಗಸರನ್ನು ಹಾಲು ಕರೆಯೋಕೆ ಬಿಡ್ತಿರಲಿಲ್ಲ. ಹಾಲಿನ ಮನೆಯೊಳಗೆ ಕಾಲೂ ಇಡಬಾರದು. ಆದರೆ ಎಮ್ಮೆ ಕೊಳ್ಳುವಾಗ ನನ್ನ ಮಾವ ನನ್ನನ್ನೇ ಕರ್ಕೊಂಡು ಹೋಗ್ತಿದ್ದರು. ಬಾಯಿ ಬಿಡಿಸಿ ಹಲ್ಲು ನೋಡದೆ ನಾನು ಒಂದನ್ನೂ ಒಪ್ಪಿದವಳಲ್ಲ. ನಾಳೆ ನಾನೂ ಬರ್ತೀನಿ."

"ಅಲ್ಲಿ ಡಬ್ಬಿ ಬಿಚ್ಚೋಕೆ ಬಿಡಲ್ಲ ಮಾಮಿ. ಸೀಲ್ ಇರುತ್ತೆ."

"ಎಮ್ಮೆಯೂ ಬಾಯಿ ಮುಚ್ಕೊಂಡೇ ಇರುತ್ತೆ."

ಮಾರನೆಯ ದಿನ ಇಬ್ಬರೂ ಬಸ್ಸಿಗೆ ಹತ್ತಿದರು. ಲಿಂಗಿ ತಲೆಗೆ ಒಗೆದ ಬಿಳಿ ಬಟ್ಟೆ ಕಟ್ಟಿಕೊಂಡು, ಗುಡಿಯ ಕಡೆ ಕೈಮುಗಿದು ಹೊರಟಿದ್ದಳು. ಕಮರ್ಷಿಯಲ್ ರೋಡಿನ ಅಂಗಡಿಯಲ್ಲಿ ಚಂದ್ರನ್ ಎಂಬವನು ಕಂಪ್ಯೂಟರ್ ಸಾಮಾನು ಮಾರುತ್ತಿದ್ದ. ನಿನ್ನೆ ಕಾರ್ಡ್ ಕೊಟ್ಟವನೂ ಅವನೇ.

"ವಾಪಸ್ ತಗೊಳ್ಳಲ್ಲಮ್ಮಾ. ಕಾರ್ಡ್ ಸರಿಯಿದೆ, ನಿಮ್ಮ ಸಿಸ್ಟಮ್ಮೇ ಸರಿಯಿಲ್ಲ. ಊರೆಲ್ಲ ಹಾಕೋದನ್ನು ಹಾಕಿ, ಎಲ್ಲ ಕಾರ್ಡೂ ನಡೆಯುತ್ತೆ."

"ಊರೆಲ್ಲ ಹಾಕೋದು ನನಗೆ ಬೇಡ. 21143 ನಂಬರಿನ ಚಿಪ್ ಇರೋ ಕಾರ್ಡ್ ಬೇಕು. ಡಬ್ಬಿ ಬಿಚ್ಚಿ ತೋರಿಸಿ."

"ಸೀಲ್ ಒಡೆದರೆ ಮಾರಿದ ಹಾಗೆ."

"ಹಾಗಾದರೆ ಒಳಗೇನಿದೆ ಅಂತ ನೀವೇ ಹೇಳಿ. ತಪ್ಪಾದರೆ ವಾಪಸ್ ತಗೋತೀನಿ ಅಂತ ಮಾತು ಕೊಡಿ."

ಚಂದ್ರನ್ ಡಬ್ಬಿ ತಿರುಗಿಸಿ ನೋಡಿದ. ಅವನಿಗೂ ಗೊತ್ತಿರಲಿಲ್ಲ. "ಯಾವ ಗಿರಾಕಿಯೂ ಇದನ್ನು ಕೇಳಿದ್ದಿಲ್ಲಮ್ಮಾ."

"ನಾನು ಕೇಳ್ತಿದ್ದೀನಲ್ಲ?"

ಲಿಂಗಿ ಅಂಗಡಿಯ ಬಾಗಿಲಿನಲ್ಲೇ ಕಾಲು ಮಡಚಿ ಕೂತಳು. ಸೆರಗಿನಿಂದ ಎಲೆ ಅಡಿಕೆ ತೆಗೆದು ಮಡಿಲಲ್ಲಿ ಹರವಿಕೊಂಡಳು.

"ಪಾಟಿ, ದಾರಿಗೆ ಅಡ್ಡ ಕೂತರೆ ಗಿರಾಕಿ ಹೇಗೆ ಬರ್ತಾರೆ?" ತಮಿಳಿನಲ್ಲಿ ಅಜ್ಜಿಯೆಂದು ಕರೆದು ಕೇಳಿದ ಚಂದ್ರನ್.

"ಬರಲಿ ಬಿಡಪ್ಪಾ. ಬಂದವರಿಗೆಲ್ಲ ನಾನೇ ಹೇಳ್ತೀನಿ, ಇಲ್ಲಿ ಸಾಮಾನಿನ ಮುಖ ತೋರಿಸದೆ ಮಾರ್ತಾರೆ ಅಂತ."

"ಇದೇನು ಮೊಂಡಾಟ ಪಾಟಿ!"

"ಮೊಂಡಾಟವೇ. ಇದಕ್ಕೂ ಒಂದು ವಯಸ್ಸು ಬೇಕು. ನಿನಗೆ ಇನ್ನೂ ಬಂದಿಲ್ಲ."

ಎದುರಿನ ಬೇಕರಿಯವರು ಇಣುಕಿದರು. ಶಾಲೆಯ ಇಬ್ಬರು ಮೇಷ್ಟರು ಬಂದು, ಮುದುಕಿಯನ್ನು ದಾಟುವುದು ಹೇಗೆಂದು ತಿಳಿಯದೆ ಮೆಟ್ಟಿಲಲ್ಲೇ ನಿಂತರು. ಚಂದ್ರನ್ ನಿಟ್ಟುಸಿರು ಬಿಟ್ಟು ಕತ್ತರಿ ತೆಗೆದ. ಒಂದು ಡಬ್ಬಿ ಬಿಚ್ಚಿದ, ಬೇರೆ ಚಿಪ್. ಇನ್ನೊಂದು ಕಂಪನಿಯದು ಬಿಚ್ಚಿದ, ಅದೂ ಅಲ್ಲ. ಆಮೇಲೆ ಅವನಿಗೇ ಕುತೂಹಲ ಹತ್ತಿತು.

"ಇರಿ, ರಿಪೇರಿ ಡ್ರಾಯರ್ ನೋಡೋಣ" ಎಂದು ಹಳೆಯ ಆಫೀಸುಗಳಿಂದ ಬಿಚ್ಚಿ ತಂದ ಕಾರ್ಡುಗಳನ್ನು ಮೇಜಿನ ಮೇಲೆ ಸುರಿದ. ಡಬ್ಬಿಯಿಲ್ಲ, ಸೀಲಿಲ್ಲ, ಹೆಸರೂ ಅಳಿಸಿದೆ. ಮಲರ್‌ಕೊಡಿ ಸೆರಗಿನಿಂದ ಧೂಳು ಒರೆಸಿ ಒಂದೊಂದನ್ನೂ ಓದಿದಳು. ಒಂದರ ಮೇಲೆ 21143 ಸಿಕ್ಕಿತು. ಅದರ ಜೋಡಿ ಸಿಗಲಿಲ್ಲ. ಬಹಳ ಹುಡುಕಿದ ಮೇಲೆ 82558 ಎಂಬ ಚಿಪ್ಪಿನದೊಂದು ಸಿಕ್ಕಿತು. ಅದನ್ನೂ ಅವಳ ಸಿಸ್ಟಂ ಬಲ್ಲದು.

"ಎರಡೂ ಬೇರೆ ಬೇರೆ ಜಾತಿ, ಮಾತಾಡಲ್ಲಮ್ಮಾ" ಎಂದ ಚಂದ್ರನ್.

"ಮಾತಾಡೋದು ವೈರಿನಲ್ಲಿ. ಜಾತಿ ಯಾಕೆ?"

ಲಿಂಗಿ ಎದ್ದಳು. ಮೇಷ್ಟರುಗಳಿಗೆ ದಾರಿ ಬಿಟ್ಟು, "ಏನು ಕೊಂಡರೂ ಬಿಚ್ಚಿಸಿ ನೋಡಿ" ಎಂದು ಬುದ್ಧಿ ಹೇಳಿ ಹೊರಟಳು.

ಸೋಮವಾರ ಹಿರಿಯರು ಕೋಣೆಯ ಮುಂದಿನ ಕಲ್ಲುಗಳ ಮೇಲೆ ಕೂತರು. ಹೆಂಗಸರು ಗುಡಿಯ ಗೋಡೆಗೆ ಒರಗಿ ನಿಂತರು. ದಿನೇಶ್‌ಕುಮಾರ್ ಬೋರ್ಡನ್ನು ಜೀಪಿನಲ್ಲೇ ತಂದಿದ್ದ. ಮಲರ್‌ಕೊಡಿ ಯಂತ್ರ ಹಚ್ಚಿದಳು. ಸಾಲುಗಳು ಹರಿದವು, ಈ ಸಲ ಕಾರ್ಡಿನ ಸಾಲೂ ಬಂತು. ಫೋನ್ ಕಿರುಗುಟ್ಟಿ ಲೈನ್ ಹಿಡಿಯಿತು. ಅಭಿನಯಾ ಎಂಬ ಹುಡುಗಿ ಒಂದರಲ್ಲಿ ಕೊಯಮತ್ತೂರಿನ ತರಕಾರಿ ಧಾರಣೆ ತೆಗೆದಳು. ಅದೇ ಹೊತ್ತಿಗೆ ಇನ್ನೊಂದರಲ್ಲಿ ಅವಳ ಗೆಳತಿ ಅಣ್ಣನಿಗೆ ಮೇಲ್ ಕಳಿಸಿದಳು. ಹಿರಿಯರು ಒಬ್ಬೊಬ್ಬರಾಗಿ ಇಣುಕಿ ನೋಡಿ ತಲೆದೂಗಿದರು.

ದಿನೇಶ್‌ಕುಮಾರ್ ಗಂಟಲು ಸರಿಮಾಡಿಕೊಂಡ. "ಇವತ್ತು ನಡೀತು ಸರಿ. ನಾಳೆ ಆ ಕಾರ್ಡ್ ಸತ್ತರೆ? ಮತ್ತೆ ಗುಜರಿಗೆ ಹೋಗ್ತೀರಾ? ಈ ಸಿಸ್ಟಂ ಕಲಿತ ಹುಡುಗಿಗೆ ಊಟಿಯಲ್ಲಿ ಯಾರು ಕೆಲಸ ಕೊಡ್ತಾರೆ? ನನ್ನ ಯಂತ್ರ ಜೀಪಿನಲ್ಲಿದೆ. ಈಗಲೇ ಇಳಿಸಬಹುದು. ಆದರೆ ಈ ಸಿಸ್ಟಂ ಈ ಕೋಣೆಯಲ್ಲಿ ಇರಬಾರದು."

ನಂಜುಂಡನ್ ಜೀಪಿನ ಕಡೆ ನೋಡಿದರು. ಹೊಸ ಡಬ್ಬಿಗಳು ಬಿಸಿಲಿಗೆ ಹೊಳೆಯುತ್ತಿದ್ದವು.

"ಮಲರು, ನಾನು ಮಾತು ಕೊಟ್ಟದ್ದು ನಿಜ. ಆದರೆ ಬಾಗಿಲಿಗೆ ಬಂದ ಹೊಸದನ್ನು ಊರು ಬೇಡ ಅನ್ನಬಹುದೇ? ನೀನೂ ಅವನ ಪಾಠವನ್ನೇ ಕಲಿಸು. ಅವನೇ ಸಂಬಳ ಕೊಡ್ತಾನೆ."

"ಹೆತ್ತೆಯಮ್ಮನ ಎದುರಿಗೆ ಕೊಟ್ಟ ಮಾತು ಮಾಮ."

ಅವರು ಶಾಲನ್ನು ಮೈತುಂಬ ಹೊದ್ದುಕೊಂಡರು.

ಅಳುತ್ತಾಳೆ ಅಂದುಕೊಂಡರು ಕೆಲವರು. ಅವಳು ಬಗ್ಗಿ ವೈರ್ ಬಿಚ್ಚಿದಳು. ಸೊಂಟದಿಂದ ಬೀಗದ ಕೈ ತೆಗೆದು ಊರಗೌಡರ ಮುಂದಿನ ಕಲ್ಲಿನ ಮೇಲೆ ಇಟ್ಟಳು.

"ಕೋಣೆ ಊರಿನದು, ಊರು ಯಾರಿಗೆ ಬೇಕಾದರೂ ಕೊಡಲಿ. ಯಂತ್ರ ಸಂಘದ್ದು. ಅದರೊಳಗೆ ಏನಿರಬೇಕು ಅಂತ ಜೀಪಿನಲ್ಲಿ ಬಂದವರು ಹೇಳೋದು ಬೇಡ."

ಹೀಗೆಂದು ನಂಜುಂಡನ್ ಮುಂದೆ ತಲೆ ಬಾಗಿದಳು.

ನಮ್ಮಲ್ಲಿ ಕಿರಿಯರು ತಲೆ ಬಾಗಿದರೆ ಹಿರಿಯರು ಕೈಯಿಟ್ಟು ಹರಸಲೇಬೇಕು. ಜಗಳವಿರಲಿ, ಮಾತು ಬಿಟ್ಟಿರಲಿ, ತಪ್ಪಿಸಿಕೊಳ್ಳುವ ಹಾಗಿಲ್ಲ. ನಂಜುಂಡನ್ ಕೈ ಶಾಲಿನೊಳಗೇ ಸ್ವಲ್ಪ ಹೊತ್ತು ಉಳಿಯಿತು. ಅವಳು ತಲೆ ಎತ್ತಲಿಲ್ಲ. ಇಡೀ ಹಟ್ಟಿ ನೋಡುತ್ತಿತ್ತು. ಕೊನೆಗೆ ಆ ಕೈ ಹೊರಗೆ ಬಂದು ಅವಳ ನೆತ್ತಿಯ ಮೇಲೆ ಕೂತಿತು.

"ಒಂದು ಸಾವಿರವಾಗಲಿ" ಎಂದು ವಾಡಿಕೆಯ ಮಾತಿನಲ್ಲಿ ಹರಸಿದರು ಅವರು, ಯಾರ ಮುಖವನ್ನೂ ನೋಡದೆ.

"ಆಗುತ್ತೆ ಮಾಮ" ಎಂದು ಅವಳು ಎದ್ದಳು.

ಹುಡುಗಿಯರು ತಾವಾಗಿಯೇ ಮುಂದೆ ಬಂದರು. ಮಾನಿಟರನ್ನು ಮಗುವಿನ ಹಾಗೆ ಎದೆಗವಚಿಕೊಂಡು ಒಬ್ಬಳು, ಕೀಬೋರ್ಡ್ ಹೆಗಲಿಗೇರಿಸಿ ಇನ್ನೊಬ್ಬಳು. ಸಾಲುಮನೆಯ ಮುಂದೆ ಮೆರವಣಿಗೆ ಹೊರಟಿತು. ಲಿಂಗಿ ಎಲ್ಲರಿಗಿಂತ ಮುಂದೆ ಹೋಗಿ ತನ್ನ ಮನೆಯ ಬಾಗಿಲು ತೆಗೆದು, ದೀಪ ಹಚ್ಚಿ, ಹೊಸ್ತಿಲಿಗೆ ನೀರು ಚಿಮುಕಿಸಿದಳು.

ಒಂದು ಯಂತ್ರ ಹೊರಕೋಣೆಯಲ್ಲಿ ಕೂತಿತು, ಇನ್ನೊಂದು ಅಡುಗೆಮನೆಯ ಪಕ್ಕದಲ್ಲಿ. ಆ ಮನೆಯಲ್ಲಿ ಫೋನ್ ಇರಲಿಲ್ಲ. ಕೊಯಮತ್ತೂರಿಲ್ಲ, ತರಕಾರಿ ಧಾರಣೆಯಿಲ್ಲ, ಯಾರ ಅಣ್ಣನೂ ಇಲ್ಲ. ಎರಡು ಯಂತ್ರಗಳ ನಡುವೆ ಒಂದು ವೈರ್ ಮಾತ್ರ. ಅಭಿನಯಾ ಹೊರಗಿನಿಂದ ಇಂಗ್ಲಿಷ್ ಅಕ್ಷರದಲ್ಲಿ ನಮ್ಮ ಮಾತನ್ನೇ ಬರೆದಳು: ಅಲ್ಲಿ ಯಾರಿದ್ದೀರಿ? ಒಳಗಿನಿಂದ ಉತ್ತರ ಬಂತು: ನಾವೆಲ್ಲ ಇದ್ದೇವೆ.

ಗುಡಿಯ ಕಡೆಯಿಂದ ಬೋರ್ಡಿಗೆ ಮೊಳೆ ಹೊಡೆಯುವ ಸದ್ದು ಕೇಳುತ್ತಿತ್ತು.

ಲಿಂಗಿ ಪರದೆಯನ್ನೂ ವೈರನ್ನೂ ನೋಡಿದಳು. "ಇಷ್ಟು ಹತ್ತಿರಕ್ಕೆ ಬಾಯಲ್ಲೇ ಕೂಗಬಹುದಿತ್ತಲ್ಲ?"

"ಲೈನ್ ಬರೋವರೆಗೆ ಇಷ್ಟೇ ಮಾಮಿ."

"ಯಾವಾಗ ಬರುತ್ತೆ?"

"ಅರ್ಜಿ ಹಾಕಬೇಕು. ತಿಂಗಳುಗಟ್ಟಲೆ ಆಗಬಹುದು. ಎಕ್ಸ್‌ಚೇಂಜಿಗೆ ಹೋಗಿ ಹೋಗಿ ಕೇಳಬೇಕು."

ಲಿಂಗಿ ತಲೆಯ ಬಟ್ಟೆಯನ್ನು ಬಿಗಿಯಾಗಿ ಕಟ್ಟಿಕೊಂಡಳು.

"ಆ ಆಫೀಸಿಗೆ ಬಾಗಿಲು ಎಷ್ಟಗಲ ಇದೆ?" ಎಂದು ಕೇಳಿದಳು.